ಅವ್ವನ ಸಕ್ಕರೆ ಲೆಕ್ಕ

ದೀಪಾವಳಿಯ ಪಾಡ್ಯದ ದಿನ ಹಳೆಯ ಕೀರ್ದಿ, ಖಾತೆ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿ, ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ವೀರ ನಿರ್ವಾಣ ಸಂವತ್ ಬರೆದು ಪೂಜೆ ಮಾಡುವುದು ಅಕ್ಕಲಕೋಟೆಯ ನಮ್ಮ ಅರಿವೆ ಅಂಗಡಿಯಲ್ಲಿ ಅಜ್ಜನ ಕಾಲದಿಂದ ನಡೆದು ಬಂದ ಪದ್ಧತಿ. 2023ರ ಪಾಡ್ಯದಂದು ನಾನು 2550 ಎಂದು ಬರೆದು ಪೆನ್ನು ಕೆಳಗಿಡುವಷ್ಟರಲ್ಲಿ, ನಮ್ಮ ಮುನೀಮರು ಹಳೆಯ ಪುಸ್ತಕಗಳ ನಡುವಿನಿಂದ ಕೆಂಪು ರಟ್ಟಿನ ಒಂದು ಉದ್ದ ಪುಸ್ತಕ ತೆಗೆದರು. "ಸಾವಕಾರ್ರ, ಇದರಾಗ ಜಮಾನೂ ಇಲ್ಲ, ಖರ್ಚೂ ಇಲ್ಲ, ಬರೇ ಅಂಕಿ ಅದಾವ. ಯಾವ ಕಟ್ಟಿನಾಗ ಇಡೂಣು?" ಎಂದು ಕೇಳಿದರು.

ಅದು ಅವ್ವನ ಪುಸ್ತಕ. ಐದು ತಿಂಗಳ ಕಾಲ ಅವಳ ರಕ್ತದಲ್ಲಿನ ಸಕ್ಕರೆಯನ್ನು ದಿನ, ವೇಳೆ ಸಹಿತ ನಾನು ಬರೆದಿಟ್ಟ ಲೆಕ್ಕ. ಅಟ್ಟಕ್ಕೆ ಹಾಕಲು ಮನಸ್ಸಾಗಲಿಲ್ಲ. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ರಾತ್ರಿ ಭೋಜನ ತ್ಯಾಗ ಮಾಡಿದ ಹಿರಿಯರಿದ್ದಾರೆ. ಅವರಲ್ಲಿ ಯಾರಿಗಾದರೂ ಇಂಥ ಪ್ರಸಂಗ ಬಂದರೆ ಉಪಯೋಗವಾದೀತೆಂದು, ನಮ್ಮ ತಪ್ಪುಗಳನ್ನೂ ಮುಚ್ಚಿಡದೆ, ಇಲ್ಲಿ ಬರೆಯುತ್ತಿದ್ದೇನೆ.

ಅವ್ವನಿಗೆ ಆಗ 67 ವರ್ಷ. ಬೇಸಿಗೆಯಲ್ಲಿ ಕುತ್ತಿಗೆಯ ಎಡಬದಿಗೆ ಒಂದು ಗಂಟು ಕಾಣಿಸಿತು. ನೋವಿಲ್ಲದ ಗಂಟು, ಆದ್ದರಿಂದಲೇ ನಾವು ಲಕ್ಷ್ಯ ಕೊಡಲಿಲ್ಲ. ಸೊಲ್ಲಾಪುರಕ್ಕೆ ಒಯ್ದು ಗಂಟಿನ ತುಣುಕು ಪರೀಕ್ಷೆ ಮಾಡಿಸಿದಾಗ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಎಂದು ತಿಳಿಯಿತು. 21 ದಿನಕ್ಕೊಮ್ಮೆ ಒಂದು ಸರದಿ, ಒಟ್ಟು ಆರು ಸರದಿ ಚಿಕಿತ್ಸೆ ಎಂದರು. ಐದು ಔಷಧಿಗಳ ಹೆಸರಿನ ಅಕ್ಷರ ಕೂಡಿಸಿ ಅದಕ್ಕೆ ಆರ್-ಚಾಪ್ ಎನ್ನುತ್ತಾರೆ. ಅದರಲ್ಲಿ ನಾಲ್ಕು ಸಲಾಯಿನ್ ಬಾಟಲಿಯ ಮೂಲಕ ಮೊದಲ ದಿನವೇ ರಕ್ತಕ್ಕೆ ಹೋಗುತ್ತವೆ. ಕೊನೆಯ 'ಪಿ' ಎಂಬುದು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಗುಳಿಗೆ. ದಿನಕ್ಕೆ 100 ಮಿಲಿಗ್ರಾಂ, ಐದು ದಿನ, ಮನೆಯಲ್ಲಿಯೇ ನುಂಗುವುದು. ಕೂದಲು ಉದುರಿಸುವ ಕೆಂಪು ಔಷಧಿಯ ಬಾಟಲಿ ಕಂಡು ನಾವೆಲ್ಲ ಹೆದರಿದ್ದೆವು. ಈ ಪುಟ್ಟ ಬಿಳಿ ಗುಳಿಗೆಗೆ ಯಾರೂ ಹೆದರಲಿಲ್ಲ.

ಸ್ಟಿರಾಯ್ಡ್ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಓಟದ ಪಂದ್ಯದಲ್ಲಿ ಸಿಕ್ಕಿಬಿದ್ದ ಕ್ರೀಡಾಪಟುಗಳು. ಆ ಜಾತಿ ಬೇರೆ, ಇದು ಬೇರೆ. ನಮ್ಮ ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆಯಂತೆ ಕುಳಿತ ಸಣ್ಣ ಗ್ರಂಥಿಗಳು ದಿನಾಲು ಕಾರ್ಟಿಸಾಲ್ ಎಂಬ ರಸವನ್ನು ತಯಾರಿಸುತ್ತವೆ. ಅದರದೇ ಮನೆತನದ ಔಷಧಿ ಇದು. ಆ ಗ್ರಂಥಿಗಳ ರಸಗಳನ್ನು ಕುರಿತ ಸಂಶೋಧನೆಗೆ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಬಂತು. ಲಿಂಫೋಮಾದ ಜೀವಕೋಶಗಳನ್ನು ಇದು ನೇರವಾಗಿ ಕೊಲ್ಲುತ್ತದೆ, ವಾಂತಿಯನ್ನೂ ತಡೆಯುತ್ತದೆ. ಆದರೆ ಅದೇ ಹೊತ್ತಿಗೆ ಯಕೃತ್ತಿನ ಉಗ್ರಾಣದಿಂದ ಸಕ್ಕರೆಯನ್ನು ಹೊರಗೆ ಬಿಡಿಸುತ್ತದೆ. ದೇಹದ ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳದಂತೆಯೂ ಮಾಡುತ್ತದೆ. ಆದ್ದರಿಂದ ಜನ್ಮದಲ್ಲಿ ಸಕ್ಕರೆ ಬೇನೆ ಇಲ್ಲದವರಿಗೂ ಈ ಗುಳಿಗೆಯ ದಿನಗಳಲ್ಲಿ ಸಕ್ಕರೆ ಏರಬಹುದು. ಅವ್ವನಿಗೆ ಸಕ್ಕರೆ ಬೇನೆ ಇರಲಿಲ್ಲ. ಅವಳ ಅಣ್ಣನಿಗೆ, ಅಂದರೆ ನಮ್ಮ ಸೋದರಮಾವನಿಗೆ ಇತ್ತು. ರಕ್ತ ಸಂಬಂಧದಲ್ಲಿ ಇದ್ದರೆ ಏರುವ ಸಂಭವ ಹೆಚ್ಚು.

ಮೊದಲ ಸರದಿಯಲ್ಲಿ ನಾವು ಕಂಡದ್ದು ಹಸಿವು. ಸಣ್ಣ ತುತ್ತಿನ ಅವ್ವ ಮೂರು ಜೋಳದ ರೊಟ್ಟಿ ಉಂಡು, ಇನ್ನೂ ಒಂದು ಹಾಕು ಎಂದಳು. "ಸಮಂತಭದ್ರ ಸ್ವಾಮಿಗೆ ಬಂದ ಭಸ್ಮಕ ರೋಗ ನನಗೂ ಬಂತೇನೋ ತಮ್ಮಾ" ಎಂದು ನಕ್ಕಳು. ಚಿಕಿತ್ಸೆಯಲ್ಲಿ ಊಟ ಸೇರುತ್ತಿದೆಯಲ್ಲ ಎಂದು ನಮಗೆಲ್ಲ ಸಂತೋಷ. ಸಕ್ಕರೆ ನೋಡಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಯಾವ ಹೊತ್ತಿಗೆ ಎಂದು ನಾನೂ ಕೇಳಲಿಲ್ಲ. ರಕ್ತ ಪರೀಕ್ಷೆ ಎಂದರೆ ಖಾಲಿ ಹೊಟ್ಟೆಯಲ್ಲಿ ಮುಂಜಾನೆ ಎಂದು ನಾನೇ ತಿಳಿದುಕೊಂಡು, ಮೂರನೆಯ ದಿನ ಏಳು ಗಂಟೆಗೆ ಲ್ಯಾಬಿನ ಹುಡುಗನನ್ನು ಮನೆಗೆ ಕರೆಸಿದೆ. 108 ಬಂತು. ಎರಡನೆಯ ಸರದಿಯಲ್ಲಿ 116. ಎರಡೂ ಕಾಗದಗಳನ್ನು ಮಡಚಿ ಫೈಲಿನಲ್ಲಿಟ್ಟು ನಿಶ್ಚಿಂತನಾಗಿ ಅಂಗಡಿಗೆ ಹೋದೆ.

ಎರಡನೆಯ ಸರದಿಯ ಐದನೆಯ ದಿನ, ಇನ್ನೂ ಬೆಳಕು ಹರಿದಿರಲಿಲ್ಲ, ಬಚ್ಚಲುಮನೆಯಲ್ಲಿ ಸಪ್ಪಳವಾಯಿತು. ನನ್ನ ಹೆಂಡತಿ ಓಡಿದಳು. ಅವ್ವ ಗೋಡೆಗೆ ಒರಗಿ ಕೆಳಗೆ ಕುಳಿತಿದ್ದಳು. ನಾಲಿಗೆ ಒಣಗಿ ಮಾತು ಹೊರಳುತ್ತಿರಲಿಲ್ಲ. ರಾತ್ರಿಯೆಲ್ಲ ಆರೇಳು ಸಲ ಮೂತ್ರಕ್ಕೆ ಎದ್ದಿದ್ದಾಳೆ. ಒಂದು ಹನಿ ನೀರು ಕುಡಿದಿಲ್ಲ. ಸೂರ್ಯ ಮುಳುಗಿದ ಮೇಲೆ ಅವ್ವ ಅನ್ನ, ಪಾನ, ಖಾದ್ಯ, ಲೇಹ್ಯ ನಾಲ್ಕನ್ನೂ ಬಿಟ್ಟು ಆಗ 31 ವರ್ಷವಾಗಿತ್ತು. ನಲವತ್ತು ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಗಾಡಿಯಲ್ಲಿ ಹಾಕಿಕೊಂಡು ಹೋಗುವಾಗ ಅವಳ ತಲೆ ನನ್ನ ಹೆಂಡತಿಯ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ: "ಹೊತ್ತು ಮೂಡಿತೇನು?"

ಆಸ್ಪತ್ರೆಯಲ್ಲಿ ಏಳೂವರೆಗೆ ನೋಡಿದಾಗ 248. ಸಲಾಯಿನ್ ಹಚ್ಚಿದರು. ಅಂದು ಮಧ್ಯಾಹ್ನ ಮೂರಕ್ಕೆ ಮತ್ತೆ ನೋಡಿದರು: 396. ಅಲ್ಲಿಯ ತರುಣ ಡಾಕ್ಟರು ನನ್ನ ಫೈಲಿನ 108, 116ರ ಕಾಗದಗಳನ್ನು ಪಕ್ಕಕ್ಕಿಟ್ಟು ಒಂದು ಗೀಟು ಎಳೆದು ತೋರಿಸಿದರು. ಮುಂಜಾನೆ ಎಂಟಕ್ಕೆ ಗುಳಿಗೆ ನುಂಗಿದರೆ ಕೆಲವು ತಾಸಿನಲ್ಲಿ ಅದರ ಜೋರು ಏರುತ್ತದೆ. ಮಧ್ಯಾಹ್ನದ ಊಟದ ಮೇಲೆ ಸಕ್ಕರೆ ಮೇಲಕ್ಕೆ ಹೋಗಿ ಸಂಜೆಯವರೆಗೂ ಅಲ್ಲಿಯೇ ನಿಲ್ಲುತ್ತದೆ. ರಾತ್ರಿ ಇಳಿಯುತ್ತಾ ಬಂದು, ಮರುದಿನ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ನನಗೆ ತಟ್ಟನೆ ಅರ್ಥವಾಯಿತು. ಸಂತೆಯ ದಿನ ಅಂಗಡಿಯ ಬಾಗಿಲು ತೆರೆಯುವ ಮುಂಚೆ ಗಲ್ಲಾ ನೋಡಿ, ಇವತ್ತು ವ್ಯಾಪಾರವೇ ಇಲ್ಲ ಎಂದಂತೆ ನಾನು ಮಾಡಿದ್ದೆ.

ಅದರ ಮೇಲೆ ನಮ್ಮ ಊಟದ ರೀತಿ. ರಾತ್ರಿ ಪೂರ್ತಿ ನಿರಾಹಾರ ಇರಬೇಕೆಂದು ಅವ್ವ ಸಂಜೆ ಆರರ ಊಟವನ್ನೇ ಗಟ್ಟಿಯಾಗಿ ಮಾಡುವವಳು. ಸಕ್ಕರೆ ತುದಿಗೇರಿದ ಹೊತ್ತಿಗೇ ದೊಡ್ಡ ಊಟ. ಸಕ್ಕರೆ ಹೆಚ್ಚಾದರೆ ದೇಹ ಅದನ್ನು ಮೂತ್ರದ ದಾರಿಯಿಂದ ಹೊರಗೆ ಹಾಕುತ್ತದೆ. ಅದರ ಜೊತೆ ನೀರೂ ಹೋಗುತ್ತದೆ. ಹೋದ ನೀರು ತುಂಬಬೇಕೆಂದೇ ನೀರಡಿಕೆ. ಅವ್ವನ ಮನೆಯಲ್ಲಿ ಖರ್ಚು ಇತ್ತು, ಸೂರ್ಯೋದಯದವರೆಗೆ ಜಮಾ ಇರಲಿಲ್ಲ.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಫೈಲಿನಲ್ಲಿ 'ನೀರಡಿಕೆ ಇಲ್ಲ' ಎಂದು ಬರೆದಿತ್ತು. ಅವ್ವನನ್ನು ಕೇಳಿದೆ. "ಆ ನರ್ಸಬಾಯಿ ಮರಾಠಿಯೊಳಗ, ಆಜಿ, ರಾತ್ರಿ ಎದ್ದು ನೀರು ಕುಡೀತೀರೇನು ಅಂತ ಕೇಳಿದಳು. ನಾಹಿ ಅಂದೆ. ಕುಡೀತಿದ್ದಿಲ್ಲಲ್ಲಪ್ಪಾ, ಸುಳ್ಳು ಹ್ಯಾಂಗ ಹೇಳಲಿ? ನೀರಡಿಕಿ ಆಗತದೇನು ಅಂತ ಆಕಿ ಕೇಳಲಿಲ್ಲ" ಎಂದಳು. ಸ್ವಲ್ಪ ತಡೆದು, "ನೀವೂ ಕೇಳಲಿಲ್ಲ" ಎಂದಳು. ಆಮೇಲೆ ತಿಳಿಯಿತು, ಹೇಳಿದರೆ ನಾವು ವ್ರತ ಬಿಡಿಸುತ್ತೇವೆಂಬ ಅಂಜಿಕೆ ಅವಳಿಗಿತ್ತು. ಅಂಜಿಕೆ ಸುಳ್ಳೂ ಆಗಿರಲಿಲ್ಲ. ನಾನು ಅಂದು ಜಗಳವಾಡಿಯಾದರೂ ಬಿಡಿಸುತ್ತಿದ್ದೆ.

ನನ್ನ ಹೆಂಡತಿ ನನಗಿಂತ ಜಾಣೆ. ಜಗಳ ಬೇಡವೆಂದಳು. ಸಮೀಪದ ಊರಿನಲ್ಲಿ ಮುನಿಗಳ ಚಾತುರ್ಮಾಸ ಆರಂಭವಾಗಿತ್ತು. ಅವ್ವ ಸ್ವಲ್ಪ ಚೇತರಿಸಿಕೊಂಡ ಮೇಲೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಜನ ಕಡಿಮೆ ಇದ್ದ ಹೊತ್ತಿನಲ್ಲಿ ದರ್ಶನಕ್ಕೆ ಕರೆದೊಯ್ದೆವು. (ಬಿಳಿ ರಕ್ತಕಣ ಕಡಿಮೆಯಾಗುವ ಆ ವಾರದಲ್ಲಿ ಗರ್ದಿಯಲ್ಲಿ ಹೋಗಕೂಡದು, ಜ್ವರ ಬಂದರೆ ತಾಸು ಸಹ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಸಕ್ಕರೆ ಹೆಚ್ಚಿದ್ದರಂತೂ ಸೋಂಕು ಇನ್ನೂ ಬೇಗ ಹಿಡಿಯುತ್ತದೆ.) ಮುನಿಗಳು ಎಲ್ಲವನ್ನೂ ಕೇಳಿಕೊಂಡರು. ಎಷ್ಟು ದಿನ ಈ ಗುಳಿಗೆ ಎಂದರು. 21 ದಿನದಲ್ಲಿ ಐದು ದಿನ ಎಂದೆ. ಅವ್ವನ ಕಡೆ ನೋಡಿ, "ಸಮಂತಭದ್ರ ಆಚಾರ್ಯರು ಭಸ್ಮಕ ಬಂದಾಗ ಗುರುಗಳ ಹತ್ತಿರ ಏನು ಬೇಡಿದರು, ಗುರುಗಳು ಏನೆಂದರು, ನೀನೇ ಹೇಳವ್ವ" ಎಂದರು.

ಕಥೆ ಓದುಗರಿಗೆ ಗೊತ್ತಿದ್ದದ್ದೇ. ಅವ್ವ ತಗ್ಗಿದ ಧ್ವನಿಯಲ್ಲಿ ಹೇಳಿದಳು. ಸಲ್ಲೇಖನ ಬೇಡಿದರು, ಗುರುಗಳು ಒಪ್ಪಲಿಲ್ಲ, ರೋಗ ಗುಣಪಡಿಸಿಕೊಂಡು ಮತ್ತೆ ದೀಕ್ಷೆ ತೆಗೆದುಕೋ ಎಂದು ಕಳಿಸಿದರು. ಹೇಳುತ್ತ ಹೇಳುತ್ತ ಅವಳೇ ನಿಂತಳು. ಮುನಿಗಳು ಹೆಚ್ಚೇನೂ ಮಾತಾಡಲಿಲ್ಲ. ಗುಳಿಗೆಯ ದಿನಗಳಲ್ಲಿಯೂ ಅದರ ಮರುದಿನಗಳಲ್ಲಿಯೂ ರಾತ್ರಿ ನೀರು ಮತ್ತು ಔಷಧಿಗೆ ಅವಕಾಶ, ಆಹಾರ ತ್ಯಾಗ ಹಾಗೆಯೇ ಇರಲಿ, ಚಿಕಿತ್ಸೆ ಮುಗಿದ ಮೇಲೆ ಬಂದು ಪ್ರಾಯಶ್ಚಿತ್ತ ತೆಗೆದುಕೋ ಎಂದರು. ಸಕ್ಕರೆ ತೀರ ಇಳಿದಾಗ ಕೊಡುವ ಸಕ್ಕರೆ ನೀರು ಔಷಧಿಯೋ ಆಹಾರವೋ ಎಂದು ನಾನು ಕೇಳಿದೆ. ಔಷಧಿ ಎಂದರು. ಇದು ಅವ್ವನಿಗೆ ಸಿಕ್ಕ ಅಪ್ಪಣೆ. ಬೇರೆಯವರು ತಮ್ಮ ಗುರುಗಳನ್ನೇ ಕೇಳಬೇಕು. ಆದರೆ ಚಿಕಿತ್ಸೆ ಆರಂಭವಾಗುವ ಮೊದಲೇ ಕೇಳಬೇಕು, ನಮ್ಮಂತೆ ಬಚ್ಚಲುಮನೆಯಲ್ಲಿ ಬಿದ್ದ ಮೇಲಲ್ಲ.

ಮೂರನೆಯ ಸರದಿಯಿಂದ ಗುಳಿಗೆಯ ದಿನಗಳಲ್ಲಿ ಮುಂಜಾನೆ ಒಂದು ಇನ್ಸುಲಿನ್ ಚುಚ್ಚುಮದ್ದು ಎಂದು ನಿರ್ಧಾರವಾಯಿತು. ಹಾಲಿನಂತೆ ಮಬ್ಬಾಗಿರುವ, ನಿಧಾನವಾಗಿ ಕೆಲಸ ಮಾಡುವ ಬಗೆ. ಗುಳಿಗೆಯ ಏರಿಳಿತಕ್ಕೆ ಇದರ ಏರಿಳಿತ ಸರಿಹೊಂದುತ್ತದಂತೆ. ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಬೆರೆಸಬೇಕು. ಎಷ್ಟು ಯುನಿಟ್ ಎಂದು ಬರೆಯುವುದಿಲ್ಲ. ನಮ್ಮವರಲ್ಲಿ ಒಬ್ಬರ ಚೀಟಿ ನೋಡಿ ಇನ್ನೊಬ್ಬರು ಔಷಧಿ ತರಿಸುವ ಚಟ ಬಹಳ.

ಅವ್ವ ಕೈ ಹಿಂದೆ ತೆಗೆದುಕೊಂಡು ಕೇಳಿದಳು: "ಇದು ಯಾವ ಪ್ರಾಣೀದು?" ಅವಳ ಪ್ರಶ್ನೆಗೆ ಆಧಾರವಿತ್ತು. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ ಕಂಡುಹಿಡಿದ ಮೇಲೆ ದಶಕಗಳ ಕಾಲ ಅದನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ನಮ್ಮ ಮಾವ ಅದೇ ಕಾರಣಕ್ಕೆ ಬಹಳ ವರ್ಷ ಸೂಜಿ ಒಲ್ಲೆನೆಂದು ಕಾಲಿನ ಹುಣ್ಣಿನಿಂದ ಕಷ್ಟಪಟ್ಟಿದ್ದನ್ನು ಅವ್ವ ಕಂಡಿದ್ದಳು. ಮನುಷ್ಯರ ಇನ್ಸುಲಿನ್ನನ್ನೇ ಬ್ಯಾಕ್ಟೀರಿಯಾದಲ್ಲಿ ತಯಾರಿಸುವ ವಿದ್ಯೆ 1978ರಲ್ಲಿ ಅಮೆರಿಕದಲ್ಲಿ ಸಾಧ್ಯವಾಯಿತು, 1982ರಲ್ಲಿ ಅದು ಔಷಧಿಯಾಗಿ ಮಾರಾಟಕ್ಕೆ ಬಂತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಯೀಸ್ಟ್‌ನಲ್ಲಿ ಬೆಳೆಸಿದ ಇನ್ಸುಲಿನ್ ತಂದಿತು. ಡಾಕ್ಟರು ಇದನ್ನೆಲ್ಲ ಸಮಾಧಾನದಿಂದ ಹೇಳಿ, ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ ಆಜಿ ಎಂದರು. "ಆ ಯೀಸ್ಟ್ ಅನ್ನೂದೂ ಜೀವನ ಅಲ್ಲೇನು?" ಎಂದಳು ಅವ್ವ. ಡಾಕ್ಟರು ನನ್ನ ಮುಖ ನೋಡಿದರು. ಅವ್ವನೇ, "ಇರಲಿ, ಏಕೇಂದ್ರಿಯ. ರೊಟ್ಟಿ ತಿಂದರೂ ಅಷ್ಟ" ಎಂದು ತೋಳು ಮುಂದೆ ಮಾಡಿದಳು. ಡಾಕ್ಟರು ನಕ್ಕು, ತೋಳಲ್ಲ ಆಜಿ, ಹೊಟ್ಟೆ ಎಂದರು.

ಹೀಗೆ ಕೆಂಪು ರಟ್ಟಿನ ಪುಸ್ತಕ ಆರಂಭವಾಯಿತು. ಗುಳಿಗೆಯ ಐದು ದಿನ ಮತ್ತು ನಂತರದ ಎರಡು ದಿನ, ನಾಲ್ಕು ಹೊತ್ತು: ಮುಂಜಾನೆ ಖಾಲಿ ಹೊಟ್ಟೆ, ಮಧ್ಯಾಹ್ನದ ಊಟವಾಗಿ ಎರಡು ತಾಸಿಗೆ, ಸಂಜೆಯ ಊಟದ ಮೊದಲು, ಮಲಗುವ ಮುಂಚೆ. ಇದರಲ್ಲಿ ಒಂದೇ ಹೊತ್ತು ನೋಡಲು ಸಾಧ್ಯವಿದ್ದರೆ ಸಂಜೆಯದನ್ನು ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. 180ರ ಒಳಗೆ ಇದ್ದರೆ ಸಮಾಧಾನ. 70ಕ್ಕಿಂತ ಕೆಳಗೆ ಹೋದರೆ ಅಪಾಯ. 300 ದಾಟಿದರೆ ಫೋನು ಮಾಡುವುದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೇ ನೆಚ್ಚಿ ಕೂಡ್ರಬಾರದು; ಐದು ದಿನದ ಏರಿಕೆ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ, ರಕ್ತಹೀನತೆ ಇದ್ದಾಗ ಅದರ ಲೆಕ್ಕವೇ ತಪ್ಪಬಹುದು.

ಯಂತ್ರದ ವಿಷಯದಲ್ಲಿ ಒಂದು ಪ್ರಸಂಗ. ನಾಲ್ಕನೆಯ ಸರದಿಯ ಎರಡನೆಯ ದಿನ ಸಂಜೆ 372 ಬಂತು. ಮನೆಯಲ್ಲಿ ಗದ್ದಲ. ನನ್ನ ಮಗಳು ಮಾತ್ರ ಅವ್ವನ ಬೆರಳು ಮೂಸಿ ನೋಡಿ, "ಆಯಿ, ತಮ್ಮಗ ಶೇಂಗಾ ಹೋಳಿಗಿ ಮುರಿದು ಕೊಟ್ಟಿಯೇನು?" ಎಂದಳು. ಕೊಟ್ಟಿದ್ದಳು. ಸಾಬೂನು ಹಚ್ಚಿ ಕೈ ತೊಳೆದು ಒರೆಸಿ ಮತ್ತೆ ನೋಡಿದರೆ 181. ಬೆರಳಿಗೆ ಅಂಟಿದ ಬೆಲ್ಲವೂ ಆ ಯಂತ್ರಕ್ಕೆ ರಕ್ತದ ಸಕ್ಕರೆಯೇ. ಆ ಅಂಕಿ ನಂಬಿ ಔಷಧಿ ಹೆಚ್ಚಿಸಿದ್ದರೆ ಏನಾಗುತ್ತಿತ್ತೋ! ಚುಚ್ಚುವುದು ಬೆರಳ ತುದಿಗಲ್ಲ, ಪಕ್ಕಕ್ಕೆ, ನೋವು ಕಡಿಮೆ. ಪಟ್ಟಿಗಳ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಬೇಕು, ತಾರೀಖು ಮೀರಿದ ಪಟ್ಟಿ ಉಪಯೋಗಿಸಬಾರದು.

ಊಟವನ್ನೂ ಒಡೆದು ಸಣ್ಣ ಸಣ್ಣದು ಮಾಡಿದೆವು. ಆಹಾರತಜ್ಞೆ ಕೊಟ್ಟ ಪಟ್ಟಿಯಲ್ಲಿ ಗಜ್ಜರಿ, ಮೂಲಂಗಿ, ತತ್ತಿ ಎಲ್ಲಕ್ಕೂ ಕಾಟು ಹೊಡೆದಾಗ ಆಕೆ ಗಾಬರಿಯಾದಳು. ಹೆಸರು, ಮಡಕಿ ಕಾಳು, ಹಾಲು, ಮೊಸರು, ಹೀರೇಕಾಯಿ, ಸೋರೆಕಾಯಿ ಹೇಳಿದ ಮೇಲೆ ಸಾಕು ಎಂದಳು. ಕುದಿಸಿ ಆರಿಸಿದ ನೀರು ನಮ್ಮಲ್ಲಿ ಹೊಸದೇನಲ್ಲ. ಹಗಲಿನಲ್ಲಿ ತಾಸಿಗೊಮ್ಮೆ ಒಂದು ಲೋಟ ಎಂದು ಮೊಮ್ಮಗನಿಗೆ ಕೆಲಸ ಹಚ್ಚಿದೆವು. ಕ್ಯಾನ್ಸರಿಗೆ ಸಕ್ಕರೆಯೇ ಆಹಾರ, ಅನ್ನ ರೊಟ್ಟಿ ಎಲ್ಲ ಬಿಡಿಸಿ ಹಾಗಲಕಾಯಿ ರಸ ಒಂದೇ ಕೊಡಿ ಎಂದು ಬೀಗರೊಬ್ಬರು ದೂರದಿಂದ ಬಂದು ಹೇಳಿದರು. ಅವರೇ ಒಂದು ಕಿಲೋ ಪೇಡೆಯನ್ನೂ ತಂದಿದ್ದರು. ಉಪವಾಸ ಕೆಡವಿದರೆ ಸೊರಗುವುದು ಗಂಟಲ್ಲ, ಅಜ್ಜಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ಈಗ ನನ್ನ ದೊಡ್ಡ ತಪ್ಪು. ನಾಲ್ಕನೆಯ ಸರದಿಯದೇ ಆರನೆಯ ದಿನ. ಗುಳಿಗೆ ಹಿಂದಿನ ದಿನವೇ ಮುಗಿದಿತ್ತು. ಗುಳಿಗೆ ನಿಂತ ದಿನ ಚುಚ್ಚುಮದ್ದೂ ನಿಲ್ಲಬೇಕು ಎಂದು ಡಾಕ್ಟರು ಬರೆದೇ ಕೊಟ್ಟಿದ್ದರು. ಅಂದು ಅಂಗಡಿಗೆ ಮಾಲಿನ ಗಾಡಿ ಬರುವುದಿತ್ತು. ಅವಸರದಲ್ಲಿ, ದಿನದ ರೂಢಿಯಂತೆ, ಎಂಟಕ್ಕೆ ಸೂಜಿ ಚುಚ್ಚಿ ಹೊರಟುಬಿಟ್ಟೆ. ಮಧ್ಯಾಹ್ನ ನಾಲ್ಕಕ್ಕೆ ಮನೆಗೆ ಬಂದರೆ ಅವ್ವ ಬೆವರಿನಲ್ಲಿ ತೊಯ್ದಿದ್ದಳು, ಕೈ ನಡುಗುತ್ತಿತ್ತು. ನನ್ನನ್ನು ನೋಡಿ, "ಅಣ್ಣಾ, ಯಾವಾಗ ಬಂದಿ?" ಎಂದಳು. ಮಾವ ತೀರಿ ಹನ್ನೆರಡು ವರ್ಷವಾಗಿದೆ. ಯಂತ್ರ 54 ತೋರಿಸಿತು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಕಾಲು ತಾಸಿಗೆ ಮತ್ತೆ ನೋಡಿದೆ, 83. "ತಮ್ಮಾ, ಯಾಕ ಅಳತಿ?" ಎಂದಾಗ ಅವ್ವ ಮರಳಿ ಬಂದಿದ್ದಾಳೆ ಎಂದು ತಿಳಿಯಿತು. ಪೂರ್ತಿ ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಕೂಡದು, ಉಸಿರಿನ ನಾಳಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೇ ಓಡಬೇಕು. ಆ ದಿನದ ಪುಟದಲ್ಲಿ ನನ್ನ ಕೈಬರಹ ಓದಲು ಬರುವುದಿಲ್ಲ. ಅಂದಿನಿಂದ ಪುಸ್ತಕದಲ್ಲಿ ಎರಡು ಕಾಲಂ ಮಾಡಿದೆ: ಎಡಕ್ಕೆ ಗುಳಿಗೆ, ಬಲಕ್ಕೆ ಸೂಜಿ. ಎಡಗಡೆ ಬರೆಯದೆ ಬಲಗಡೆ ಬರೆಯುವಂತಿಲ್ಲ.

ಒಬ್ಬ ಪರಿಚಯದವರು ಸಕ್ಕರೆ ಏರುತ್ತದೆಂದು ಹೆದರಿ ತಮ್ಮ ತಂದೆಯ ಸ್ಟಿರಾಯ್ಡ್ ಗುಳಿಗೆಯನ್ನೇ ಅರ್ಧ ಮಾಡಿದ್ದನ್ನು ಆಮೇಲೆ ಕೇಳಿದೆ. ಅದು ಚಿಕಿತ್ಸೆಯ ಒಂದು ಭಾಗ, ನಾವು ಕೈಹಾಕುವಂತಿಲ್ಲ. ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ, ಸುಮ್ಮನೆ ಕುಳಿತು ರೂಢಿಯಾದ ಸ್ವಂತ ಗ್ರಂಥಿಗಳು ಕೂಡಲೇ ಕೆಲಸಕ್ಕೆ ಏಳುವುದಿಲ್ಲ, ಪ್ರಾಣಕ್ಕೇ ಬರುತ್ತದೆ.

ಆರನೆಯ ಸರದಿ ದಶಲಕ್ಷಣ ಪರ್ವದಲ್ಲಿಯೇ ಬಂತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಹತ್ತೂ ದಿನ ಏಕಾಶನ, ಅನಂತ ಚತುರ್ದಶಿಗೆ ಉಪವಾಸ ಅವ್ವ ತಪ್ಪಿಸಿದ್ದಿಲ್ಲ. ಇನ್ಸುಲಿನ್ ತೆಗೆದುಕೊಂಡು ಉಪವಾಸ ಮಾಡುವಂತಿಲ್ಲ. ನಾವು ಯಾರೂ ಆ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಚತುರ್ದಶಿಯ ದಿನ ಮುಂಜಾನೆ ತಾನೇ ಬೆರಳು ಚುಚ್ಚಿಕೊಂಡು, ಅಂಕಿ ನೋಡಿ, ಪುಸ್ತಕದಲ್ಲಿ ತನ್ನ ಕೈಯಿಂದ ಬರೆದಳು. ಬಸದಿಯಿಂದ ಅಭಿಷೇಕದ ಗಂಟೆ ಕೇಳಿಸುತ್ತಿತ್ತು. "ನನ್ನ ರೊಟ್ಟಿ ತಾ" ಎಂದು ಸೊಸೆಯನ್ನು ಕರೆದಳು. ಉಣ್ಣುವಾಗ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದಂತಿದ್ದೆ.

ಚಿಕಿತ್ಸೆ ಮುಗಿದ ಮೇಲಿನ ಸ್ಕ್ಯಾನಿನಲ್ಲಿ ಗಂಟುಗಳು ಕಾಣಲಿಲ್ಲ. ಸಕ್ಕರೆಯೂ ಗುಳಿಗೆ ನಿಂತ ಕೆಲವು ದಿನಗಳಲ್ಲಿ ತನ್ನ ಜಾಗಕ್ಕೆ ಬಂತು. ಆದರೂ ಮುಂದೆ ಸಕ್ಕರೆ ಬೇನೆ ನಿಲ್ಲುವ ಸಂಭವ ಇಂಥವರಿಗೆ ಉಳಿದವರಿಗಿಂತ ಹೆಚ್ಚು. ಆಗಾಗ ನೋಡಿಸುತ್ತಿರಿ ಎಂದಿದ್ದಾರೆ, ನೋಡಿಸುತ್ತಿದ್ದೇವೆ.

ಚಾತುರ್ಮಾಸ ಮುಗಿಯುವ ಮೊದಲು ಅವ್ವ ಮುನಿಗಳ ಬಳಿ ಹೋಗಿ ಪ್ರಾಯಶ್ಚಿತ್ತ ತೆಗೆದುಕೊಂಡು ಬಂದಳು. ಏನು ಕೊಟ್ಟರೆಂದು ನಮಗೆ ಹೇಳಲಿಲ್ಲ. ಅಂದು ಸಂಜೆ ಹೊತ್ತು ಮುಳುಗುವ ಮೊದಲು ಎರಡು ಲೋಟ ನೀರು ಕುಡಿದು, ತನ್ನ ಹಾಸಿಗೆಯ ಪಕ್ಕದಲ್ಲಿ ಅಷ್ಟು ದಿನ ಇದ್ದ ತಂಬಿಗೆಯನ್ನು ತಾನೇ ಎತ್ತಿ ಅಡುಗೆಮನೆಗೆ ಒಯ್ದು ಬೋರಲು ಹಾಕಿದಳು. ಆಮೇಲೆ ನನ್ನನ್ನು ಕರೆದು, "ನೀರಡಿಕಿ ಆದರ ಇನ್ನ ಹೇಳತೀನಿ. ಆದರ ನೀ ಕೇಳಬೇಕು" ಎಂದಳು.

ದಿನಾಲು ಅಂಗಡಿ ಮುಚ್ಚಿ ಮನೆಗೆ ಬಂದೊಡನೆ ಕೇಳುತ್ತೇನೆ.